ಹ್ಯಾಂಡ್‌ಹೆಲ್ಡ್ ಕಂಪ್ಯೂಟರಿಗೆ ಆಡಿಯೊ ಇಂಟರ್‌ಫೇಸ್ ಜೋಡಿಸುವಾಗ ಡ್ರೈವರ್ ವಿಚಾರ

ಸಕಲೇಶಪುರದ ಎಸ್ಟೇಟಿನಲ್ಲೋ ಮೂಡಿಗೆರೆಯ ಭಜನಾ ಮಂದಿರದಲ್ಲೋ ಹಾಡು ರೆಕಾರ್ಡ್ ಮಾಡಲು ಸ್ಟೀಮ್ ಡೆಕ್, ಆರ್‌ಒಜಿ ಅಲೈ ತರಹದ ಕೈಯಲ್ಲಿ ಹಿಡಿಯುವ ಗೇಮಿಂಗ್ ಕಂಪ್ಯೂಟರ್ ಮತ್ತು ಮೈಕನ್ನು ಯುಎಸ್‌ಬಿ ಮೂಲಕ ಅದಕ್ಕೆ ಸೇರಿಸುವ ಪೆಟ್ಟಿಗೆ, ಅಂದರೆ ಆಡಿಯೊ ಇಂಟರ್‌ಫೇಸ್, ಇದ್ದರೆ ಸಾಕು. ಆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಪರಿಚಯಿಸುವ ತಂತ್ರಾಂಶದ, ಅಂದರೆ ಡ್ರೈವರ್, ಕೆಲಸವನ್ನು ಮಾತ್ರ ಹಾಸನದಲ್ಲಿ ಇರುವಾಗಲೇ ಮುಗಿಸಿ. ಘಾಟಿ ಕಡೆಯ ನೆಟ್‌ವರ್ಕ್ ನಂಬಿ ಹೊರಡಬೇಡಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ಇಂಟರ್‌ಫೇಸ್ 'ಕ್ಲಾಸ್ ಕಂಪ್ಲಯಂಟ್' ಹೌದೋ ಅಲ್ಲವೋ ಎಂಬುದು. ಹೌದಾದರೆ ಆಪರೇಟಿಂಗ್ ಸಿಸ್ಟಮ್ಮಿನ ಸ್ವಂತ ಡ್ರೈವರೇ ಅದನ್ನು ಗುರುತಿಸುತ್ತದೆ. ವಿಂಡೋಸ್‌ಗೆ ಯುಎಸ್‌ಬಿ ಆಡಿಯೊ ಕ್ಲಾಸ್ 2ರ (ಇಂಥ ಪೆಟ್ಟಿಗೆಗಳ ಸಾಮಾನ್ಯ ಮಾನದಂಡ) ಡ್ರೈವರ್ ಬಂದದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯಿಂದ. ಆದರೂ ತಯಾರಕರ ಎಎಸ್‌ಐಒ (ರೆಕಾರ್ಡಿಂಗ್‌ಗೆಂದೇ ಮಾಡಿದ) ಡ್ರೈವರ್ ಇದ್ದರೆ ಅದನ್ನೇ ಹಾಕಿ. ಧ್ವನಿ ತಡವಾಗುವುದು ಕಡಿಮೆಯಾಗುತ್ತದೆ. ಡ್ರೈವರ್ ಮೊದಲು, ರೀಸ್ಟಾರ್ಟ್ ಆಮೇಲೆ, ಕೇಬಲ್ ಕೊನೆಗೆ. ತಯಾರಕರದ್ದು ಇಲ್ಲದಿದ್ದರೆ ಎಎಸ್‌ಐಒ4ಆಲ್ ಎಂಬ ಸಾಮಾನ್ಯ ಡ್ರೈವರ್ ಇದೆ, ಆದರೆ ವಿಂಡೋಸೇ ಗುರುತಿಸದ ಪೆಟ್ಟಿಗೆಯನ್ನು ಅದೂ ಗುರುತಿಸದು. ಎಆರ್‌ಎಂ ಚಿಪ್ಪಿನ (ಫೋನಿನಲ್ಲಿರುವ ಬಗೆಯ) ವಿಂಡೋಸ್ ಯಂತ್ರದಲ್ಲಿ ಹಳೆಯ ಆ್ಯಪ್‌ಗಳು ಎಮ್ಯುಲೇಶನ್ನಿನಲ್ಲಿ, ಅಂದರೆ ಬೇರೆ ಚಿಪ್ಪನ್ನು ಅನುಕರಿಸಿ, ಓಡಬಹುದು, ಡ್ರೈವರ್ ಓಡುವುದಿಲ್ಲ, ಎಆರ್‌ಎಂ64ರದ್ದೇ ಬೇಕು.

ಸ್ಟೀಮ್ ಡೆಕ್ ಲಿನಕ್ಸ್ ಮೇಲೆ ನಡೆಯುವುದು. ಅಲ್ಲಿ ವಿಂಡೋಸ್ ಡ್ರೈವರ್ ಇನ್‌ಸ್ಟಾಲ್ ಮಾಡಲು ಹೋಗುವುದು ವ್ಯರ್ಥ, ಲಿನಕ್ಸಿನ ತಿರುಳಾದ ಕರ್ನೆಲ್‌ನಲ್ಲೇ ಡ್ರೈವರ್ ಇದೆ. ಡೆಸ್ಕ್‌ಟಾಪ್ ಮೋಡಿಗೆ ಹೋಗಿ, ಸೌಂಡ್ ಸೆಟ್ಟಿಂಗ್‌ನಲ್ಲಿ ಪ್ರೊಫೈಲ್ 'ಪ್ರೊ ಆಡಿಯೊ' ಆರಿಸಿ. ಇಲ್ಲದಿದ್ದರೆ ನಾಲ್ಕು ಇನ್‌ಪುಟ್ ಇರುವ ಪೆಟ್ಟಿಗೆ ಎರಡರಂತೆ ಕಾಣಿಸಬಹುದು. ಗೇನ್ (ಮೈಕಿನ ಧ್ವನಿ ಮಟ್ಟ) ತಿರುಗಿಸುವ ಗುಬುಟು ಪೆಟ್ಟಿಗೆಯ ಮೇಲೇ ಇರುವ ಮಾದರಿ ಇಲ್ಲಿಗೆ ಒಳ್ಳೆಯದು. ಎಲ್ಲವೂ ಸಾಫ್ಟ್‌ವೇರಿನಲ್ಲೇ ಇದ್ದರೆ ಕೈ ಕಟ್ಟಿದಂತೆ.

ನಿಜವಾದ ತಲೆನೋವು ಮಾತ್ರ ಬಹಳ ಸಲ ಡ್ರೈವರ್ ಅಲ್ಲ, ಕರೆಂಟು. ಯುಎಸ್‌ಬಿ 2ರ ಪೋರ್ಟ್ ಕೊಡುವುದು 500 ಮಿಲಿಆಂಪ್. ಎರಡು ಕಂಡೆನ್ಸರ್ ಮೈಕಿಗೆ ಅವು ಬೇಡುವ 48 ವೋಲ್ಟ್ ವಿದ್ಯುತ್ (ಫ್ಯಾಂಟಮ್) ಹಾಕಿದಾಗ ಪೆಟ್ಟಿಗೆ ಕಾಣಿಸಿ ಮಾಯವಾದರೆ, ಸ್ವಂತ ವಿದ್ಯುತ್ ಇರುವ ಹಬ್ ಜೋಡಿಸಿ. ಡೆಕ್‌ಗೆ ಒಂದೇ ಯುಎಸ್‌ಬಿ-ಸಿ ಪೋರ್ಟ್, ಹಾಗಾಗಿ ಚಾರ್ಜಿಂಗ್ ಹಾಯಿಸುವ ಪಿಡಿ (ಪವರ್ ಡೆಲಿವರಿ) ಹಬ್ ಬೇಕೇ ಬೇಕು. ಏನೂ ಕಾಣಿಸುತ್ತಿಲ್ಲವೇ? ಮೊದಲು ಕೇಬಲ್ ಬದಲಿಸಿ: ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್ಲಿನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. 'ಗುಂಯ್' ಎಂಬ ಹಮ್ ಕೇಳಿದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಬ್ಯಾಟರಿಯಲ್ಲಿ ಅಥವಾ ಪವರ್ ಬ್ಯಾಂಕಿನಲ್ಲಿ ರೆಕಾರ್ಡ್ ಮಾಡಿ. ಮಳೆಗಾಲದ ಮಲೆನಾಡಿಗೆ ಹೇಗೂ ಅದೇ ವಾಸಿ.

ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 48 ಕಿಲೋಹರ್ಟ್ಸ್, ಬಫರ್ (ಒಂದು ಸಲಕ್ಕೆ ಕೂಡಿಡುವ ಧ್ವನಿಯ ಸ್ಯಾಂಪಲ್‌ಗಳು) 256ರಿಂದ ಶುರು ಮಾಡಿ, ಅಂದರೆ ಒಂದು ಬಫರಿಗೆ 5.3 ಮಿಲಿಸೆಕೆಂಡ್. ಪಟಪಟ ಸದ್ದು ಬಂದರೆ 512 ಮಾಡಿ, ಪವರ್ ಸೇವರ್ ತೆಗೆಯಿರಿ. ಹಾಡುವವರು ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿನಲ್ಲೇ (ಕಂಪ್ಯೂಟರಿಗೆ ಹೋಗದೆ ನೇರ ಹೆಡ್‌ಫೋನಿಗೆ) ಕೇಳಿಸಿಕೊಳ್ಳುವುದಾದರೆ 1024 ಇಟ್ಟರೂ ನಡೆಯುತ್ತದೆ.