ಹಳೇ ಮಾರುತಿ 800: ಬಣ್ಣಕ್ಕೆ ಮುಂಚೆ ರಬ್ಬರ್, ನೀರು, ಅರ್ತ್ ನೋಡಿ

1983ರ ಡಿಸೆಂಬರಲ್ಲಿ ರೋಡಿಗೆ ಬಂದ ಮಾರುತಿ 800 ತಯಾರಿ ನಿಂತಿದ್ದು 2014ರ ಜನವರಿಯಲ್ಲಿ, ಆದ್ರೂ ನಮ್ಮ ತಾಲ್ಲೂಕು ಊರುಗಳಲ್ಲಿ ಇವತ್ತಿಗೂ ಓಡ್ತಾನೇ ಇದೆ. ಹೊಸ ಸ್ಕೂಟರ್‌ಗಿಂತ ಕಮ್ಮಿ ದುಡ್ಡಿಗೆ ಸಿಗುತ್ತೆ, ಡ್ರೈವಿಂಗ್ ಕಲಿಯೋರು ತಗೋತಾರೆ, ವಯಸ್ಸಾದ ಅಪ್ಪ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಮನೇಲೊಂದು ಗಾಡಿ ಇರ್ಲಿ ಅನ್ನೋರು ತಗೋತಾರೆ. ತಗೊಂಡ ತಕ್ಷಣ ದುಡ್ಡು ಹೋಗೋದು ಮಾತ್ರ ಸೀಟ್ ಕವರ್‌ಗೆ, ಮ್ಯೂಸಿಕ್ ಸಿಸ್ಟಮ್‌ಗೆ, ಆಮೇಲೆ ಬಣ್ಣಕ್ಕೆ. ನಾಲ್ಕು ತಿಂಗಳು ಬಿಟ್ಟು ಚಾರ್ಮಾಡಿ ಘಾಟಿ ಮಧ್ಯ ಗಾಡಿ ನಿಂತ್ರೆ "ಹಳೇದಲ್ವಾ, ಇಂಜಿನ್ ಹೋಯ್ತು" ಅಂತಾರೆ. ಹೆಚ್ಚಿನ ಸಲ ಇಂಜಿನ್ ಹೋಗಿರಲ್ಲ ರೀ. ಆ 796 ಸಿಸಿ ಮೂರು ಸಿಲಿಂಡರ್ ಇಂಜಿನ್ನಿಗೆ ಆಯಿಲ್ಲು ನೀರು ಸರಿಯಾಗಿ ಕೊಟ್ರೆ ಅಷ್ಟು ಸುಲಭಕ್ಕೆ ಕೈಕೊಡೋದಲ್ಲ. ಹೋಗಿರೋದು ಇಪ್ಪತ್ತು ವರ್ಷದ ಒಂದು ರಬ್ಬರ್ ಪೈಪು, ಇಲ್ಲಾ ಬೋರ್‌ವೆಲ್ ನೀರು ಕುಡಿದು ಕಟ್ಕೊಂಡಿರೋ ರೇಡಿಯೇಟರು, ಇಲ್ಲಾ ತುಕ್ಕು ಹಿಡಿದ ಅರ್ತ್ ವೈರು, ಅಂದ್ರೆ ಬ್ಯಾಟರಿ ಮೈನಸ್‌ನಿಂದ ಬಾಡಿಗೂ ಇಂಜಿನ್ನಿಗೂ ಹೋಗೋ ವೈರು. ಈ ಮೂರನ್ನೂ ಮನೆ ಮುಂದೆ, ಭಾನುವಾರ ಬೆಳಿಗ್ಗೆ, ನೀವೇ ನೋಡ್ಕೋಬಹುದು.

ಸಾಮಾನು ಜಾಸ್ತಿ ಬೇಡ. ಒಂದು ಸೆಟ್ ಪಾನಾ, ಎರಡು ಥರ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಪ್ಲಗ್ ಸ್ಪ್ಯಾನರ್, ಎಮರಿ ಪೇಪರ್, ಒಂದು ಸಾದಾ ಮಲ್ಟಿಮೀಟರ್, ಒಳ್ಳೇ ಟಾರ್ಚು. ಗಾಡಿ ಕೆಳಗೆ ಹೋಗೋ ಕೆಲಸ ಮಾಡ್ತೀರಾ ಅಂದ್ರೆ ಮಾತ್ರ ಒಂದು ಜೊತೆ ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಯ ಭಾರ ಹೊರೋ ಸ್ಟ್ಯಾಂಡು) ಬೇಕೇ ಬೇಕು, ಇದರಲ್ಲಿ ಉಳಿತಾಯ ಮಾಡ್ಬೇಡಿ. ಗಾಡಿ ಜೊತೆ ಬರೋ ಜಾಕಿ ಇರೋದು ಸ್ಟೆಪ್ನಿ ಬದಲಾಯಿಸೋಕೆ ಅಷ್ಟೇ. ಅದನ್ನ ನಂಬ್ಕೊಂಡು ಕೆಳಗೆ ತಲೆ ಹಾಕೋದು, ಹಾಲೋ ಬ್ಲಾಕ್ ಇಟ್ಟು ಗಾಡಿ ನಿಲ್ಸೋದು, ಎರಡೂ ಜೀವ ತೆಗೆಯೋ ಕೆಲಸ, ಹಾಲೋ ಬ್ಲಾಕ್ ಬಿರುಕು ಬಿಡೋಕೆ ಮುಂಚೆ ಏನೂ ಹೇಳಲ್ಲ. ಸಮತಟ್ಟು ನೆಲ, ಹ್ಯಾಂಡ್ ಬ್ರೇಕು, ಫಸ್ಟ್ ಗೇರು, ಎತ್ತದೇ ಇರೋ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು, ಆಮೇಲೆ ಜಾಕಿ, ಆಮೇಲೆ ಸ್ಟ್ಯಾಂಡು. ಈ ಕ್ರಮ ತಪ್ಪಿಸ್ಬೇಡಿ.

ಮೊದಲನೇ ಭಾನುವಾರ: ರಬ್ಬರು

ಇಂಜಿನ್ ತಣ್ಣಗಿರುವಾಗ ಬಾನೆಟ್ ತೆಗೀರಿ. ರೇಡಿಯೇಟರಿನ ಮೇಲಿನ ಪೈಪು, ಕೆಳಗಿನ ಪೈಪು ಎರಡನ್ನೂ ಕೈಯಲ್ಲಿ ಹಿಸುಕಿ. ಒಳ್ಳೇ ಪೈಪು ಹಿಸುಕಿದ್ರೆ ಬಗ್ಗಿ ವಾಪಸ್ ಬರುತ್ತೆ. ಕರಕರ ಅಂದ್ರೆ, ಗಟ್ಟಿಯಾಗಿದ್ರೆ, ಇಲ್ಲಾ ಕ್ಲಿಪ್ ಹತ್ರ ಉಬ್ಬಿದ್ರೆ ಅದರ ಕಾಲ ಮುಗೀತು. ಕ್ಲಿಪ್ ಪಕ್ಕದಲ್ಲೇ ನೋಡಿ, ಪೈಪು ಸೀಳೋದು ಸಾಮಾನ್ಯವಾಗಿ ಅಲ್ಲೇ, ಮಧ್ಯದಲ್ಲಿ ಕಪ್ಪಗೆ ಮಿಂಚ್ತಾ ಇರುತ್ತೆ, ತುದೀಲಿ ಸಣ್ಣ ಬಿರುಕು ಬಿಟ್ಟಿರುತ್ತೆ. ಬದಲಾಯಿಸುವಾಗ ಕ್ಲಿಪ್ಪೂ ಹೊಸದು ಹಾಕಿ, ಹಳೇ ತುಕ್ಕು ಕ್ಲಿಪ್ಪನ್ನ ಹೊಸ ಪೈಪಿಗೆ ಬಿಗಿಯೋದು ಸುಮ್ನೆ ದುಡ್ಡು ದಂಡ.

ಆಮೇಲೆ ಪೆಟ್ರೋಲ್ ಪೈಪು. ಇದಕ್ಕೆ ಸ್ವಲ್ಪ ಜಾಸ್ತಿ ಟೈಮ್ ಕೊಡಿ ಅಂತ ಕೇಳ್ಕೋತೀನಿ, ಯಾಕಂದ್ರೆ ಈಗ ಬಂಕಲ್ಲಿ ಸಿಗ್ತಿರೋದು ಶೇ 20ರ ತನಕ ಎಥೆನಾಲ್ ಸೇರಿರೋ ಇ20 ಪೆಟ್ರೋಲು, ನಿಮ್ಮ ಗಾಡಿ ತಯಾರಾದಾಗ ಅದರ ರಬ್ಬರನ್ನ ಈ ಪೆಟ್ರೋಲಿಗೆ ಅಂತ ಮಾಡಿರಲಿಲ್ಲ. ಎಥೆನಾಲ್ ಹಳೇ ರಬ್ಬರನ್ನ ಮೆತ್ತಗೆ ಮಾಡುತ್ತೆ, ಊದಿಸುತ್ತೆ, ಆಮೇಲೆ ಬಿರುಕು ಬಿಡಿಸುತ್ತೆ, ಜೊತೆಗೆ ಗಾಳಿಯ ತೇವಾಂಶ ಎಳ್ಕೊಂಡು ಟ್ಯಾಂಕಿನೊಳಗೆ ತುಕ್ಕಿಗೂ ದಾರಿ ಮಾಡುತ್ತೆ. ಟ್ಯಾಂಕಿಂದ ಬರೋ ಪೈಪಿನ ರಬ್ಬರ್ ತುಂಡುಗಳು, ಫಿಲ್ಟರ್ ಹತ್ರದ ಸಣ್ಣ ತುಂಡು, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸೋ ಭಾಗ) ಇರೋ ಹಳೇ ಗಾಡಿ ಆದ್ರೆ ಪಂಪಿಂದ ಕಾರ್ಬ್ಯುರೇಟರಿಗೆ ಹೋಗೋ ತುಂಡು, ಎಲ್ಲಾನೂ ಬಗ್ಗಿಸಿ ನೋಡಿ. ಬೆರಳಿಗೆ ಕಪ್ಪು ಅಂಟಿದ್ರೆ ಅವತ್ತೇ ಬದಲಾಯಿಸಿ. ಅಂಗಡೀಲಿ "ಪೆಟ್ರೋಲ್ ಪೈಪ್" ಅಂತ ಮಾತ್ರ ಕೇಳ್ಬೇಡಿ, ಎಥೆನಾಲ್ ಪೆಟ್ರೋಲಿಗೆ ಆಗೋದೇ ಬೇಕು ಅಂತ ಹೇಳಿ, ತಳ್ಳೋ ಗಾಡೀಲಿ ಸಿಗೋ ಪಾರದರ್ಶಕ ಪ್ಲಾಸ್ಟಿಕ್ ಪೈಪು ಯಾವತ್ತೂ ಬೇಡ. 2000ದ ಆಸುಪಾಸಿನ ನಂತರದ ಎಂಪಿಎಫ್‌ಐ, ಅಂದ್ರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರೋ ಗಾಡಿಗಳಲ್ಲಿ ಪೆಟ್ರೋಲ್ ಲೈನ್ ಪ್ರೆಷರ್‌ನಲ್ಲಿರುತ್ತೆ, ಅದನ್ನ ಮನೇಲಿ ಬಿಚ್ಚಬೇಡಿ, ನೋಡಿ ಗುರುತು ಮಾಡ್ಕೊಂಡು ಮೆಕ್ಯಾನಿಕ್‌ಗೆ ಕೊಡಿ. ಬೆಳಿಗ್ಗೆ ಗಾಡಿ ಹತ್ರ ಪೆಟ್ರೋಲ್ ವಾಸನೆ ಬಂತು ಅಂದ್ರೆ ಕೀ ತಿರುಗಿಸೋದೇ ಬೇಡ, ಮೊದಲು ಎಲ್ಲಿಂದ ಬರ್ತಿದೆ ಹುಡುಕಿ.

ಫ್ಯಾನ್ ಬೆಲ್ಟನ್ನ (ಹೆಸರು ಹಾಗಿದ್ರೂ ಇದು ತಿರುಗಿಸೋದು ಆಲ್ಟರ್ನೇಟರನ್ನ, ಅಂದ್ರೆ ಬ್ಯಾಟರಿ ಚಾರ್ಜ್ ಮಾಡೋದನ್ನ) ತಿರುಗಿಸಿ ಒಳಮೈ ನೋಡಿ, ಅಡ್ಡ ಬಿರುಕು ಇದ್ರೆ ತೆಗೀರಿ. ಸ್ಟಾರ್ಟ್ ಮಾಡಿದ ತಕ್ಷಣ ಕೀಚ್ ಅನ್ನೋದು ಬೆಲ್ಟ್ ಸಡಿಲ ಆಗಿರೋ ಸದ್ದು. ಇಂಜಿನ್ ವಾಲ್ವುಗಳನ್ನ ಸರಿಯಾದ ಹೊತ್ತಿಗೆ ತೆರೆಸಿ ಮುಚ್ಚಿಸೋ ಟೈಮಿಂಗ್ ಬೆಲ್ಟು ಬೇರೆ, ಅದು ಕವರ್ ಒಳಗಿರುತ್ತೆ, ಕಾಣಲ್ಲ, ಅದಕ್ಕೇ ಎಲ್ಲರೂ ಮರೀತಾರೆ. ಹಳೇ ಓನರ್ ಯಾವಾಗ ಹಾಕ್ಸಿದ್ರು ಅಂತ ಬಿಲ್ ಸಮೇತ ಗೊತ್ತಿಲ್ಲ ಅಂದ್ರೆ ಹಾಕ್ಸೇ ಇಲ್ಲ ಅಂತ ಲೆಕ್ಕ ಇಟ್ಕೊಳ್ಳಿ. ಮೀಟರ್ ನಲವತ್ತು ಸಾವಿರ ತೋರಿಸ್ತಿದೆ ಅನ್ನೋ ಸಮಾಧಾನ ಬೇಡ, ರಬ್ಬರಿಗೆ ಕಿಲೋಮೀಟರ್ ಅಷ್ಟೇ ಅಲ್ಲ, ವರ್ಷಾನೂ ಲೆಕ್ಕ. ಈ ಕೆಲಸ ಮಾತ್ರ ಗ್ಯಾರೇಜಿಂದು, ಮಾರ್ಕು ಒಂದು ಹಲ್ಲು ತಪ್ಪಿದ್ರೂ ಪಿಕಪ್ ಇರಲ್ಲ.

ನೀರಿನ ವಿಷಯ

ಕೋಲಾರ, ಚಿತ್ರದುರ್ಗ, ಬೆಂಗಳೂರಿನ ಹೊರಗಿನ ಬಡಾವಣೆ, ಇಲ್ಲೆಲ್ಲ ಬೋರ್ ನೀರು ಕಾಯಿಸಿದ ಪಾತ್ರೆ ತಳ ನೋಡಿದ್ರೆ ಬೆಳ್ಳಗೆ ಸುಣ್ಣದ ಪದರ ಕಾಣುತ್ತಲ್ಲ, ರೇಡಿಯೇಟರಿನ ಸಣ್ಣ ಟ್ಯೂಬ್‌ಗಳ ಒಳಗೂ ಅದೇ ಆಗೋದು. ಆದ್ರೆ ಅಲ್ಲಿ ಉಜ್ಜಿ ತೊಳೆಯೋಕೆ ಕೈ ಹೋಗಲ್ಲ. ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲ್ಲ, ಶಿರಾಡಿ ಹತ್ತುವಾಗ, ಎಸಿ ಹಾಕಿದಾಗ, ನಾಲ್ಕು ಜನ ಕೂತಾಗ ಟೆಂಪರೇಚರ್ ಮೀಟರಿನ ಮುಳ್ಳು ಮೇಲೆ ಹೋಗುತ್ತೆ.

ಮೊದಲು, ಪೂರ್ತಿ ತಣ್ಣಗಾದ ಮೇಲೆ ಮಾತ್ರ ಕ್ಯಾಪ್ ತೆಗೀರಿ, ಬಿಸಿ ಇರುವಾಗ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಹಾರುತ್ತೆ. ಒಳಗೆ ಕಾಣೋದು ಹಸಿರೋ ಕೆಂಪೋ ತಿಳಿಯಾಗಿದ್ರೆ ಸರಿ, ಟೀ ಬಣ್ಣ ಇದ್ರೆ ತುಕ್ಕು. ಕೆಳಗಿನ ಡ್ರೈನ್ ಬಿಚ್ಚಿ ಬೇಸಿನ್‌ಗೆ ಬಿಡಿ, ನೆಲಕ್ಕೆ ಬಿಡ್ಬೇಡಿ, ಕೂಲೆಂಟ್ (ಇಂಜಿನ್ ತಣ್ಣಗಿಡೋ ಬಣ್ಣದ ದ್ರವ) ಸಿಹಿಯಾಗಿರುತ್ತೆ, ನಾಯಿ ಬೆಕ್ಕು ನೆಕ್ಕಿದ್ರೆ ಸಾಯ್ತವೆ. ಆಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಇದ್ರೆ ಫುಲ್ ಬಿಸಿಗೆ ಇಟ್ಟು, ಇಂಜಿನ್ ಬಿಸಿಯಾಗೋ ತನಕ ಓಡ್ಸಿ, ತಣ್ಣಗಾಗೋಕೆ ಬಿಟ್ಟು ಮತ್ತೆ ಖಾಲಿ ಮಾಡಿ, ನೀರು ತಿಳಿಯಾಗೋ ತನಕ ಹೀಗೇ. ಕೊನೆಗೆ ಕೂಲೆಂಟು ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ, ಇಲ್ಲಾ ರೆಡಿ ಮಿಕ್ಸ್ ಸಿಗುತ್ತೆ ಅದನ್ನೇ ತುಂಬಿ. ಕ್ಯಾಪಿನ ರಬ್ಬರ್ ವಾಷರ್ ಹರಿದಿದ್ರೆ ಕ್ಯಾಪ್ ಹೊಸದು ತನ್ನಿ, ಪ್ರೆಷರ್ ನಿಲ್ಲಲಿಲ್ಲ ಅಂದ್ರೆ ಒಳ್ಳೇ ಕೂಲೆಂಟೂ ಬೇಗ ಕುದಿಯುತ್ತೆ.

ಕ್ಯಾಪ್ ಹಾಕಿ ಗಾಡಿ ನಿಂತಲ್ಲೇ ಸ್ಟಾರ್ಟ್‌ನಲ್ಲಿ ಬಿಡಿ, ಕೈ ದೂರ ಇಟ್ಕೊಂಡು ಕಾಯಿರಿ, ಮುಳ್ಳು ಅರ್ಧ ದಾಟೋ ಹೊತ್ತಿಗೆ ಫ್ಯಾನ್ ತಾನೇ ತಿರುಗಬೇಕು. ತಿರುಗಲಿಲ್ಲ ಅಂದ್ರೆ ಗಾಡಿ ಆಫ್ ಮಾಡಿ ಫ್ಯೂಸ್ ನೋಡಿ, ಫ್ಯೂಸ್ ಸರಿ ಇದ್ರೆ ಫ್ಯಾನ್ ಮೋಟರಿನ ಕನೆಕ್ಟರ್ ಬಿಚ್ಚಿ ಬ್ಯಾಟರಿಯಿಂದ ಫ್ಯೂಸ್ ಇರೋ ವೈರಲ್ಲಿ ಮೋಟರಿಗೆ ನೇರ ಕರೆಂಟ್ ಕೊಡಿ. ತಿರುಗಿದ್ರೆ ಮೋಟರ್ ಚೆನ್ನಾಗಿದೆ, ತಪ್ಪು ಸ್ವಿಚ್ಚಲ್ಲೋ ರಿಲೇಲೋ ವೈರಲ್ಲೋ ಇದೆ. ಇಷ್ಟು ನೀವು ಕಂಡುಹಿಡಿದು ಗ್ಯಾರೇಜಿಗೆ ಹೋದ್ರೆ ಸುಮ್ನೆ ಹೊಸ ಮೋಟರಿಗೆ ದುಡ್ಡು ಕೊಡೋದು ತಪ್ಪುತ್ತೆ.

ಸೆಲ್ಫ್ ಎಳೀತಿಲ್ವಾ? ಬ್ಯಾಟರಿ ತರೋಕೆ ಹೋಗ್ಬೇಡಿ, ತಾಳಿ

ಬೆಳಿಗ್ಗೆ ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟರ್) ನಿಧಾನಕ್ಕೆ ಎಳೀತು ಅಂದ ತಕ್ಷಣ ಬ್ಯಾಟರಿ ಅಂಗಡಿಗೆ ಓಡೋರೇ ಜಾಸ್ತಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿಗೆ ಮಲ್ಟಿಮೀಟರ್ ಇಡಿ. 12.6 ವೋಲ್ಟ್ ಆಸುಪಾಸು ಇದ್ರೆ ಫುಲ್ ಚಾರ್ಜು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗೆ ಅಂದ್ರೆ ಖಾಲಿ. ಗಾಡಿ ಸ್ಟಾರ್ಟ್ ಮಾಡಿ ಮತ್ತೆ ನೋಡಿ, 13.8ರಿಂದ 14.4ರ ಒಳಗೆ ಬಂದ್ರೆ ಆಲ್ಟರ್ನೇಟರ್ ಕೆಲಸ ಮಾಡ್ತಿದೆ. ಎರಡೂ ಸರಿ ಇದ್ದೂ ಸೆಲ್ಫ್ ಎಳೀತಿಲ್ಲ ಅಂದ್ರೆ ಮೀಟರಿನ ಒಂದು ಕಡ್ಡೀನ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನ ಇಂಜಿನ್ ಮೈಯ ಬರೀ ಲೋಹಕ್ಕೆ ಒತ್ತಿ ಹಿಡ್ಕೊಳ್ಳಿ, ಮನೆಯವರಿಗೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸೆಲ್ಫ್ ಹೊಡೆಯೋಕೆ ಹೇಳಿ. ಮೀಟರು ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸ್ತು ಅಂದ್ರೆ ಕಳ್ಳ ಸಿಕ್ಕಿಬಿದ್ದ ಹಾಗೆ, ವೋಲ್ಟೇಜ್ ಅರ್ತ್ ದಾರೀಲೇ ಕಳೆದುಹೋಗ್ತಿದೆ.

ಸರಿ ಮಾಡೋದು ಕಷ್ಟ ಇಲ್ಲ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೆ ಒಂದು ಲೋಟ ಬಿಸಿನೀರಿಗೆ ಚಮಚ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜೋ ಬ್ರಶ್ಶಲ್ಲಿ ಉಜ್ಜಿ, ನೊರೆ ಬರೋದು ನಿಲ್ಲೋ ತನಕ, ಆದ್ರೆ ಬ್ಯಾಟರಿ ಮುಚ್ಚಳದ ಒಳಗೆ ಒಂದು ಹನೀನೂ ಹೋಗಬಾರದು. ಒರೆಸಿ, ಒಣಗಿಸಿ, ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಎಮರಿ ಪೇಪರಲ್ಲಿ ಸೀಸ ಮಿಂಚೋ ಹಾಗೆ ತಿಕ್ಕಿ. ಆಮೇಲೆ ಆ ಮೈನಸ್ ವೈರಿನ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತೆ ಅಂತ ಹಿಂಬಾಲಿಸಿ, ಬಾಡಿಗೆ ಒಂದು ಕಡೆ, ಗೇರ್‌ಬಾಕ್ಸ್ ಹತ್ರ ಒಂದು ಕಡೆ ಬೋಲ್ಟ್ ಮಾಡಿರ್ತಾರೆ. ಅದನ್ನೂ ಬಿಚ್ಚಿ ಕೆಳಗಿನ ಬಣ್ಣ ತುಕ್ಕು ಎಲ್ಲ ತಿಕ್ಕಿ, ಬಿಗಿಯಾಗಿ ಕೂರಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ವಾಪಸ್ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಹೆಡ್‌ಲೈಟ್ ಮಂಕು, ಇಂಡಿಕೇಟರ್ ಹಾಕಿದ್ರೆ ಬೇರೆ ಲೈಟೂ ಮಿಣುಕೋದು, ಇಂಥ ವಿಚಿತ್ರ ಕಾಯಿಲೆಗಳು ಎಷ್ಟೋ ಸಲ ಇದೊಂದರಿಂದಲೇ ಹೋಗ್ತವೆ.

ಆಯಿಲ್ಲು, ಪ್ಲಗ್ಗು

ಡಿಪ್‌ಸ್ಟಿಕ್, ಅಂದ್ರೆ ಇಂಜಿನ್ ಆಯಿಲ್ ಮಟ್ಟ ತೋರಿಸೋ ಕಡ್ಡಿ, ವಾರಕ್ಕೊಂದು ಸಲ ನೋಡಿ. ಎರಡು ಗುರುತಿನ ಮಧ್ಯ ಇರ್ಬೇಕು, ಕಪ್ಪಗಿದ್ರೆ ಗಾಬರಿ ಬೇಡ, ಹಾಲು ಕಾಫಿ ಬಣ್ಣ ಬಂದ್ರೆ ನೀರು ಸೇರ್ತಿದೆ, ಗಾಡಿ ಓಡಿಸ್ಬೇಡಿ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕು, ಮೇಲಿನ ಹೆಡ್ಡು ಎರಡರ ಮಧ್ಯದ ಸೀಲು) ಚೆಕ್ ಆಗ್ಬೇಕು. ಬದಲಾಯಿಸೋಕೆ ಮೂರು ಲೀಟರ್ ಡಬ್ಬಿ ಸಾಕು, ಪೂರ್ತಿ ಒಂದೇ ಸಲ ಸುರೀಬೇಡಿ, ಸ್ವಲ್ಪ ಸ್ವಲ್ಪ ಹಾಕಿ ಗುರುತು ನೋಡ್ತಾ ಹೋಗಿ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಲ್ಲಿ ಆಯಿಲ್ ಸವರಿ ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ ಮೇಲೆ ಮುಕ್ಕಾಲು ಸುತ್ತು. ಹಳೇ ಆಯಿಲ್ಲನ್ನ ಮೋರಿಗೆ ಸುರೀಬೇಡಿ ದಯವಿಟ್ಟು, ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿಂದ ತಗೊಂಡು ಹೋಗೋರು ಇರ್ತಾರೆ.

ಸ್ಪಾರ್ಕ್ ಪ್ಲಗ್ (ಪೆಟ್ರೋಲಿಗೆ ಕಿಡಿ ಕೊಡೋದು) ಬಿಚ್ಚೋದು ಇಂಜಿನ್ ತಣ್ಣಗಿರುವಾಗಲೇ, ಹೆಡ್ಡು ಅಲ್ಯೂಮಿನಿಯಂ, ಬಿಸಿ ಇರುವಾಗ ಜಗ್ಗಿದ್ರೆ ಥ್ರೆಡ್ ಕಿತ್ತುಬರುತ್ತೆ. ಮೂರು ವೈರನ್ನೂ ಒಟ್ಟಿಗೆ ಕೀಳ್ಬೇಡಿ, ಒಂದೊಂದೇ. ತುದಿ ಬಿಸ್ಕತ್ ಬಣ್ಣ ಇದ್ರೆ ಗಾಡಿ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ರೆ ಪೆಟ್ರೋಲ್ ಜಾಸ್ತಿ, ಮೊದಲು ಏರ್ ಫಿಲ್ಟರ್ ನೋಡಿ. ಎಣ್ಣೆ ಎಣ್ಣೆಯಾಗಿದ್ರೆ ಆಯಿಲ್ ಉರೀತಿದೆ. ವಾಪಸ್ ಹಾಕುವಾಗ ಮೊದಲ ಸುತ್ತುಗಳು ಬೆರಳಲ್ಲೇ ಹೋಗ್ಬೇಕು, ಬಿಗಿ ಅನ್ನಿಸಿದ್ರೆ ತೆಗೆದು ಮತ್ತೆ ನೇರವಾಗಿ ಕೂರಿಸಿ.

ಮಳೆಗೆ ಮುಂಚೆ

ಕರಾವಳಿ, ಮಲೆನಾಡಿನವರಿಗೆ ಇದು ಇಂಜಿನ್‌ಗಿಂತ ದೊಡ್ಡ ವಿಷಯ. ಹಳೇ 800ಗಳು ಗುಜರಿಗೆ ಹೋಗೋದು ಎಷ್ಟೋ ಸಲ ನೆಲ ತೂತಾಗಿ. ಮೇ ತಿಂಗಳಲ್ಲಿ ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ಟನ್ನ ಅಂಗೈಯಲ್ಲಿ ಒತ್ತಿ, ತಂಪು ತಾಗಿದ್ರೆ ಎಲ್ಲಿಂದಲೋ ನೀರು ಬರ್ತಿದೆ. ಬಾಗಿಲ ಕೆಳಗಿನ ಅಂಚಲ್ಲಿ ನೀರು ಹೋಗೋಕೆ ಸಣ್ಣ ತೂತುಗಳಿರ್ತವೆ, ಮಣ್ಣು ತುಂಬಿ ಮುಚ್ಚಿರ್ತವೆ, ಒಂದು ತೆಂಗಿನ ಕಡ್ಡಿ ಹಾಕಿ ಬಿಡಿಸಿ. ವೈಪರ್ ಕೆಳಗಿನ ಜಾಗದಲ್ಲಿ ಮರದ ಎಲೆ ಸೇರಿರುತ್ತೆ, ಅದನ್ನೂ ತೆಗೀರಿ. ತುಕ್ಕು ಕಂಡಲ್ಲಿ ಗಟ್ಟಿ ಲೋಹ ಸಿಗೋ ತನಕ ಕೆರೆದು, ರಸ್ಟ್ ಕನ್ವರ್ಟರ್, ಪ್ರೈಮರ್, ಬಣ್ಣ. ಒದ್ದೆ ತುಕ್ಕಿನ ಮೇಲೇ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಬಳಿದ್ರೆ ತುಕ್ಕು ಕಾಣದ ಹಾಗಾಗುತ್ತೆ ಅಷ್ಟೇ, ಒಳಗೆ ತಿನ್ನೋದು ನಿಲ್ಲಲ್ಲ.

ಬ್ರೇಕು

ಬ್ರೇಕ್ ಆಯಿಲ್ ಡಬ್ಬಿಯ ಗುರುತು ನೋಡೋದು ನಿಮ್ಮ ಕೆಲಸ, ಬಿಚ್ಚೋದು ಮೆಕ್ಯಾನಿಕ್‌ದು. ನಿಧಾನಕ್ಕೆ ಇಳಿದ್ರೆ ಪ್ಯಾಡ್ ಸವೀತಿದೆ, ಇದ್ದಕ್ಕಿದ್ದಂತೆ ಇಳಿದ್ರೆ ಲೀಕು, ಗಾಡಿ ತೆಗೀಬೇಡಿ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾದ್ರೂ ಅಷ್ಟೇ. ಈ ಆಯಿಲ್ಲು ತೇವಾಂಶ ಹೀರುತ್ತೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು, ಇಲ್ಲಾಂದ್ರೆ ಘಾಟಿ ಇಳಿಯುವಾಗ ಕುದ್ದು ಪೆಡಲ್ ಕೆಳಗೇ ಹೋಗುತ್ತೆ.

ಸ್ಪೇರ್ ಪಾರ್ಟ್ಸಿಗೆ ಬೆಂಗಳೂರಲ್ಲಿ ಜೆ.ಸಿ. ರೋಡು, ಶಿವಾಜಿನಗರ ಇದ್ದೇ ಇದೆ. ಬಾಗಿಲು ಹ್ಯಾಂಡಲ್, ಕನ್ನಡಿ, ಬಂಪರ್ ಇಂಥದ್ದು ಹಳೇದು ತಗೊಂಡ್ರೆ ಪರವಾಗಿಲ್ಲ, ರಬ್ಬರು ಮತ್ತು ಬ್ರೇಕ್ ಸಾಮಾನು ಹೊಸದೇ, ಬಿಲ್ ಸಮೇತ. ಆ ಬಿಲ್ಲುಗಳ ಮೇಲೆ ಕಿಲೋಮೀಟರ್ ಬರೆದು ಒಂದು ಕವರಲ್ಲಿ ಇಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಆರ್‌ಸಿ ರಿನೀವಲ್ ಐದು ವರ್ಷಕ್ಕೊಮ್ಮೆ, ಅದಕ್ಕೆ ಗಾಡೀನ ಆರ್‌ಟಿಓಗೆ ತೋರಿಸ್ಬೇಕು, ಲೈಟು, ಹಾರ್ನು, ವೈಪರು, ಹ್ಯಾಂಡ್ ಬ್ರೇಕು, ಟೈರು ಎಲ್ಲ ಹಿಂದಿನ ದಿನವೇ ನೋಡ್ಕೊಳ್ಳಿ. ಎಮಿಷನ್ ಟೆಸ್ಟಿಗೆ ಹೋಗುವಾಗ ಏರ್ ಫಿಲ್ಟರ್ ಕ್ಲೀನ್ ಮಾಡಿ, ಕಾರ್ಬ್ಯುರೇಟರ್ ಗಾಡಿ ಆದ್ರೆ ಚೋಕ್ ಪೂರ್ತಿ ಒಳಗೆ ಹೋಗಿದ್ಯಾ ನೋಡಿ, ಒಂದಿಪ್ಪತ್ತು ನಿಮಿಷ ಓಡ್ಸಿ ಇಂಜಿನ್ ಬಿಸಿ ಮಾಡ್ಕೊಂಡೇ ಹೋಗಿ, ತಣ್ಣಗಿರೋ ಇಂಜಿನ್ನಲ್ಲಿ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ತೋರಿಸುತ್ತೆ, ಚೆನ್ನಾಗಿರೋ ಗಾಡೀನೂ ಫೇಲ್ ಆಗ್ಬಹುದು.