ನಕ್ಷೆ ಮಂಜೂರಾತಿಗೆ ಮುನ್ನ ಇಕೋ ನಿವಾಸ್ ಸಂಹಿತೆಯ ಲೆಕ್ಕ

ವಸತಿ ಕಟ್ಟಡಗಳಲ್ಲಿ ಇಂಧನ ಉಳಿಸುವುದಕ್ಕಾಗಿ ಕೇಂದ್ರ ವಿದ್ಯುತ್ ಸಚಿವಾಲಯ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆಯ ಮೊದಲ ಭಾಗವು ಗೋಡೆ, ಕಿಟಕಿ ಮತ್ತು ಚಾವಣಿಗೆ ಸಂಬಂಧಿಸಿದ್ದು, ಗೋಡೆ ಎದ್ದ ಮೇಲೆ ತಿದ್ದಲಾಗದ ಸಂಗತಿಗಳೇ ಅದರಲ್ಲಿ ಹೆಚ್ಚಾಗಿರುವುದರಿಂದ ನಕ್ಷೆ ಕಾಗದದ ಮೇಲಿರುವಾಗಲೇ ಲೆಕ್ಕ ಹಾಕಿಕೊಳ್ಳಬೇಕು.

ಮೊದಲು ನಿವೇಶನದ ಅಳತೆಯನ್ನು ನೋಡಿ. ಸಂಹಿತೆ 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿವೇಶನಗಳಿಗೆ ಅನ್ವಯಿಸುತ್ತದೆ. ನಮ್ಮ 30‍–40ರ ಸೈಟು ಸುಮಾರು 111 ಚದರ ಮೀಟರ್ ಮಾತ್ರ; 60‍–90ರ ಸೈಟಾದರೆ ಕೂದಲೆಳೆಯ ಅಂತರದಲ್ಲಿ ಸಂಹಿತೆಯ ವ್ಯಾಪ್ತಿಗೆ ಬರುತ್ತದೆ. ಸಂಹಿತೆಯನ್ನು ರೂಪಿಸುವುದು ಕೇಂದ್ರವಾದರೂ ಅದು ಜಾರಿಗೆ ಬರುವುದು ರಾಜ್ಯದ ಅಧಿಸೂಚನೆ ಮತ್ತು ಸ್ಥಳೀಯ ಸಂಸ್ಥೆಯ ಬೈಲಾಗಳ ಮೂಲಕ. ಆದ್ದರಿಂದ ಯಾವ ಆವೃತ್ತಿ ಚಾಲ್ತಿಯಲ್ಲಿದೆ ಎಂಬುದನ್ನು ಅಲ್ಲಿಯೇ ಕೇಳಿಕೊಳ್ಳಿ. ಇಲ್ಲಿರುವ ಅಂಕಿಗಳೆಲ್ಲ 2018ರ ಆವೃತ್ತಿಯವು.

ಎರಡನೆಯದು ತೆರೆಯಬಲ್ಲ ಕಿಟಕಿಯ ಲೆಕ್ಕ. ಎಚ್ಚರ ಹೆಚ್ಚು ಬೇಕಾದದ್ದು ಇಲ್ಲಿಯೇ. ಕಾರ್ಪೆಟ್ ವಿಸ್ತೀರ್ಣಕ್ಕೆ ಹೋಲಿಸಿದರೆ ಗಾಳಿಗೆ ತೆರೆದುಕೊಳ್ಳುವ ಭಾಗವು ಸಮಶೀತೋಷ್ಣ ವಲಯದ ಬೆಂಗಳೂರಿನಲ್ಲಿ ಕನಿಷ್ಠ ಶೇ. 12.5, ಸೆಕೆ ಹೆಚ್ಚಿರುವ ಮಂಗಳೂರಿನಲ್ಲಿ ಶೇ. 16.66 ಇರಬೇಕು. ಅಂದರೆ 80 ಚದರ ಮೀಟರ್‌ನ ಫ್ಲ್ಯಾಟಿಗೆ ಬೆಂಗಳೂರಿನಲ್ಲಿ 10, ಮಂಗಳೂರಿನಲ್ಲಿ ಸುಮಾರು 13.3 ಚದರ ಮೀಟರ್ ಬೇಕು. ಚೌಕಟ್ಟಿನ ಪೂರ್ತಿ ಅಳತೆಯನ್ನು ಬರೆದುಕೊಂಡು ನಿಶ್ಚಿಂತರಾಗುವಂತಿಲ್ಲ: ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿಯಲ್ಲಿ ಅರ್ಧ ಭಾಗವಷ್ಟೇ ತೆರೆಯುತ್ತದೆ, ಕೀಲು ಹಾಕಿದ ಕದದ ಕಿಟಕಿಯಲ್ಲಿ ಶೇ. 90ರಷ್ಟನ್ನು ಲೆಕ್ಕಕ್ಕೆ ಹಿಡಿಯಬಹುದು. ತೆರೆದ ಬಾಲ್ಕನಿಗೆ ನೇರವಾಗಿ ತೆರೆಯುವ ಬಾಗಿಲೂ ಸೇರುತ್ತದೆ.

ಕೊರತೆ ಕಂಡರೆ ಗಾಜನ್ನು ದೊಡ್ಡದು ಮಾಡುವ ಬದಲು ಕಿಟಕಿಯ ಬಗೆಯನ್ನು ಬದಲಿಸುವುದೇ ಮೇಲು. ಗಾಜು ಹೆಚ್ಚಿದಷ್ಟೂ ಮುಂದಿನ ಲೆಕ್ಕ ಕೆಡುತ್ತದೆ. ಚಾವಣಿಯನ್ನು ಬಿಟ್ಟು ಉಳಿದ ಹೊರಮೈಯಿಂದ ಒಳಬರುವ ಶಾಖದ ಸರಾಸರಿ, ಅಂದರೆ ಆರ್‌ಇಟಿವಿ, ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಅದು ಮೀರಿದರೆ ಪಶ್ಚಿಮದ ಗಾಜನ್ನು ತಗ್ಗಿಸಿ, ಸಜ್ಜಾವನ್ನು ಮುಂದಕ್ಕೆ ಚಾಚಿಸಿ. ಅಲ್ಯೂಮಿನಿಯಂ ಶಟರಿಂಗ್‌ನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳಿಗಿಂತ ಎಎಸಿ ಬ್ಲಾಕ್ (ಗಾಳಿಯ ಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆ) ಗೋಡೆಗಳಲ್ಲಿ ಈ ಮಿತಿಯನ್ನು ತಲುಪುವುದು ಸುಲಭ.

ಚಾವಣಿಯ ಯು ಮೌಲ್ಯ, ಅಂದರೆ ಅದರ ಮೂಲಕ ಶಾಖ ಹಾದುಹೋಗುವ ಪ್ರಮಾಣದ ಅಳತೆ, 1.2 ಮೀರುವಂತಿಲ್ಲ. ಬರೀ ಆರ್‌ಸಿಸಿ ಸ್ಲ್ಯಾಬು ಇದನ್ನು ದಾಟುವುದರಿಂದ ಅದರ ಮೇಲೆ ಶಾಖನಿರೋಧಕ ಪದರ ಬೇಕೇ ಬೇಕು. ಬಿಳಿ ಬಣ್ಣ ಬಿಸಿಲನ್ನು ಹಿಮ್ಮೆಟ್ಟಿಸುತ್ತದೆ, ಆದರೆ ಯು ಮೌಲ್ಯವನ್ನು ಇಳಿಸುವುದಿಲ್ಲ. ನಿರೋಧಕದ ದಪ್ಪವನ್ನೂ ಗಾಜು ಎಷ್ಟು ಶಾಖ, ಬೆಳಕನ್ನು ಒಳಬಿಡುತ್ತದೆ ಎಂಬ ಗುಣಾಂಕಗಳನ್ನೂ ನಕ್ಷೆಯಲ್ಲೇ ನಮೂದಿಸಿ, ಖರೀದಿಯ ವೇಳೆ ತಯಾರಕರ ಪರೀಕ್ಷಾ ಪತ್ರದೊಂದಿಗೆ ತಾಳೆ ನೋಡಿ.