ಇವತ್ತಿನ ಹಾಲು ನಾಳೆಗೆ: ಕೆಲಸದ ನಡುವೆ ಎದೆಹಾಲು ಪಂಪ್ ಮಾಡಿದ ಲೆಕ್ಕ

ಕೆಲಸಕ್ಕೆ ಮರಳುವ ಮೊದಲೇ ಫ್ರೀಜರ್ ತುಂಬಾ ಹಾಲು ಕೂಡಿಡಬೇಕು ಎಂದು ಹೆದರಿಸುವವರು ಬಹಳ. ಅಷ್ಟು ಬೇಕಿಲ್ಲ. ಮೊದಲ ದಿನಕ್ಕೆ ಸಾಲುವಷ್ಟು, ಚೆಲ್ಲಿಹೋದರೆ ಇರಲಿ ಎಂದು ಇನ್ನೊಂದು ದಿನದ್ದು ಇದ್ದರೆ ಸಾಕು. ಆಮೇಲೆ ಇವತ್ತು ಕೆಲಸದ ಜಾಗದಲ್ಲಿ ತೆಗೆದದ್ದು ನಾಳೆ ಮಗುವಿಗೆ.

ಒಂದರಿಂದ ಆರು ತಿಂಗಳವರೆಗೆ ಎದೆಹಾಲನ್ನೇ ಕುಡಿಯುವ ಮಗುವಿಗೆ ದಿನಕ್ಕೆ ಸರಾಸರಿ 750 ಮಿ.ಲೀ. ಬೇಕಾಗುತ್ತದೆ, ಅಂದರೆ ಗಂಟೆಗೆ ಸುಮಾರು 30 ಮಿ.ಲೀ. ಬೆಳಿಗ್ಗೆ ಎಂಟೂವರೆಗೆ ಹೊರಟು ಸಂಜೆ ಐದೂವರೆಗೆ ಬರುವ ನನಗೆ ಒಂಬತ್ತು ಗಂಟೆಗೆ 270 ಮಿ.ಲೀ., ಮೂರು ಹೊತ್ತಿಗೆ 90ರಂತೆ. ಪುಡಿಹಾಲಿನಲ್ಲಿ ವಯಸ್ಸಿನ ಜೊತೆ ಅಳತೆ ಏರಿದಂತೆ ಇಲ್ಲಿ ಏರುವುದಿಲ್ಲ. ಹೊರಡುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ ಎದೆಗೇ ಹಾಕಿಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಅಭ್ಯಾಸ ಶುರುಮಾಡಿದ್ದು ಮೂರು ವಾರ ಮೊದಲು. ಬೆಳಗಿನ ಹಾಲೂಡಿಸಿ ಅರ್ಧ ಗಂಟೆ ಬಿಟ್ಟು ದಿನಕ್ಕೆ ಒಂದೇ ಸಲ. ಮಗು ಆಗಲೇ ಕುಡಿದಿರುವುದರಿಂದ ಆಗ 20–30 ಮಿ.ಲೀ. ಬಂದರೂ ಸರಿಯೇ, ಅದನ್ನು ನೋಡಿ ಹಾಲು ಕಡಿಮೆ ಎಂದು ಎದೆಗುಂದಬಾರದು. 60–90 ಮಿ.ಲೀ. ಆದಾಗ ಎದೆಹಾಲು ಕೂಡಿಡುವ ಚೀಲಕ್ಕೆ ಹಾಕಿ, ಹೆಪ್ಪುಗಟ್ಟುವಾಗ ಹಿಗ್ಗಲು ಮೇಲೆ ಒಂದಿಂಚು ಜಾಗ ಬಿಟ್ಟು, ತಟ್ಟೆಯ ಮೇಲೆ ಮಲಗಿಸಿ ಫ್ರೀಜರಿಗಿಡುವುದು. ಚಪ್ಪಟೆಯಾಗಿದ್ದರೆ ಬೇಗ ಕರಗುತ್ತದೆ. ಹೊಸ ಹಾಲನ್ನು ಫ್ರಿಜ್ಜಿನಲ್ಲಿ ತಣಿಸಿಕೊಂಡೇ ಹಳೆಯ ತಣ್ಣನೆಯ ಹಾಲಿಗೆ ಸೇರಿಸಬೇಕು.

ಪಂಪಿನಲ್ಲಿ ಬೆಲೆಗಿಂತ ಮುಖ್ಯವಾದದ್ದು ಎದೆಗೆ ಕೂರುವ, ಆಲಿಕೆಯಂಥ ಫ್ಲ್ಯಾಂಜಿನ ಅಳತೆ. ಡಬ್ಬಿಯಲ್ಲಿ ಸಾಮಾನ್ಯವಾಗಿ 24 ಮಿ.ಮೀ.ದೋ 28ರದೋ ಇರುತ್ತದೆ. ಎಷ್ಟೋ ಜನರಿಗೆ ಅದಕ್ಕಿಂತ ಚಿಕ್ಕದು ಬೇಕು. ಸ್ಕೇಲಿನಿಂದ ಮೊಲೆತೊಟ್ಟಿನ ಅಗಲ ಅಳೆಯಿರಿ, ಸುತ್ತಲಿನ ಕಪ್ಪು ಭಾಗ ಸೇರಿಸಬೇಡಿ. ಕೊಳವೆಯೊಳಗೆ ತೊಟ್ಟು ಉಜ್ಜದೆ ಓಡಾಡಬೇಕು. ಕಪ್ಪು ಭಾಗವೂ ಒಳಗೆ ಸೆಳೆದುಕೊಂಡು ಬಂದರೆ ಫ್ಲ್ಯಾಂಜ್ ದೊಡ್ಡದು, ತೊಟ್ಟು ಬಿಳಿಚಿಕೊಂಡು ಗೋಡೆಗೆ ತಿಕ್ಕಿದರೆ ಚಿಕ್ಕದು. ಸೆಳೆತ ಜೋರಾದರೆ ಹಾಲು ಜಾಸ್ತಿ ಬರುತ್ತದೆ ಎಂಬುದು ತಪ್ಪು. ನೋವಾದರೆ ಹಾಲು ಇಳಿಯುವುದೇ ತಡೆಯುತ್ತದೆ. ಮೊದಲ ಎರಡು ನಿಮಿಷ ಬೇಗಬೇಗನೆ ಹಗುರವಾಗಿ ಸೆಳೆಯುವ ಮೋಡ್, ಹಾಲು ಚಿಮ್ಮಲು ಶುರುವಾದ ಮೇಲೆ ನಿಧಾನದ್ದು. ಎರಡೂ ಕಡೆ ಸೇರಿಸಿ 15–20 ನಿಮಿಷ. ಕೊನೆಗೆ ಎರಡು ನಿಮಿಷ ಕೈಯಿಂದ ಹಿಂಡಿದರೆ ಇನ್ನೂ ಸ್ವಲ್ಪ ಬರುತ್ತದೆ. ಕೈಯಿಂದ ತೆಗೆಯುವುದನ್ನು ಕಲಿತಿದ್ದರೆ ಚಾರ್ಜ್ ಮುಗಿದ ದಿನವೂ ಅದೇ ಕಾಪಾಡುತ್ತದೆ.

ನನ್ನ ಹೊತ್ತುಗಳು 10.45, 1.15, 3.45. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿತ್ತು, ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಮೂರನೆಯದನ್ನು ಊಟದ ಹೊತ್ತಿಗೆ ಹೊಂದಿಸಿಕೊಳ್ಳಬಹುದು. ಜಾಗವನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಬೇಕು. ಒಳಗಿನಿಂದ ಚಿಲಕವಿರುವ ಸ್ಟೋರ್ ರೂಮಾದರೂ ಆಗುತ್ತದೆ, ಶೌಚಾಲಯ ಆಗುವುದಿಲ್ಲ. ಮಗುವಿನ ಆಹಾರವನ್ನು ಅಲ್ಲಿ ತಯಾರಿಸಿ ಎಂದು ಯಾರಿಗೂ ಹೇಳಬಾರದು. ಒಂದು ಹೊತ್ತು ಬಿಟ್ಟುಹೋದರೆ ಅವತ್ತಿನ 90 ಮಿ.ಲೀ. ಮಾತ್ರ ಹೋಗುವುದಲ್ಲ, ದಿನವೂ ಬಿಡುತ್ತಿದ್ದರೆ ಉತ್ಪತ್ತಿಯೇ ತಗ್ಗುತ್ತದೆ. ತುಂಬಿಕೊಂಡೇ ಇರುವ ಎದೆ ಹಾಲು ತಯಾರಿಸುವುದನ್ನು ನಿಧಾನ ಮಾಡುತ್ತದೆ.

ಹಾಲು ಇದ್ದಕ್ಕಿದ್ದಂತೆ ಅರ್ಧಕ್ಕಿಳಿದರೆ, ಬತ್ತಿತು ಎನ್ನುವ ಮೊದಲು ವಾಲ್ವ್ ನೋಡಿ. ಬಾತುಕೋಳಿ ಕೊಕ್ಕಿನಂತಿರುವ ಆ ಸಿಲಿಕೋನ್ ಚೂರಿನ ತುದಿ ಬಾಯಿಬಿಟ್ಟುಕೊಂಡಿದ್ದರೆ ಸೆಳೆತ ಸೋರಿಹೋಗುತ್ತದೆ. ದಿನಕ್ಕೆ ಮೂರು ಸಲ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಬದಲಿಸಬೇಕು, ಬ್ಯಾಗಿನಲ್ಲಿ ಒಂದು ಜೊತೆ ಹೆಚ್ಚಿಗೆ ಇರಲಿ. ಹಾಲು ತಾಗುವ ಭಾಗಗಳನ್ನು ಪ್ರತಿ ಸಲವೂ ಸೋಪು ನೀರಿನಲ್ಲಿ ತೊಳೆಯಬೇಕು. ಸಿಂಕಿಗೆ ನೇರವಾಗಿ ಹಾಕದೆ, ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ. ರಾತ್ರಿ ಐದು ನಿಮಿಷ ಕುದಿಸಿ ಗಾಳಿಗೆ ಒಣಗಿಸುವುದು. ಗಾಳಿಯ ಟ್ಯೂಬಿಗೆ ನೀರು ಸೋಕಿಸಬೇಡಿ.

ಹೊಸದಾಗಿ ತೆಗೆದ ಹಾಲು 25 ಡಿಗ್ರಿಯವರೆಗಿನ ತಾಪದಲ್ಲಿ ನಾಲ್ಕು ಗಂಟೆ ಇರುತ್ತದೆ. ನಮ್ಮ ಏಪ್ರಿಲ್ಲಿಗೆ, ಅದರಲ್ಲೂ ರಾಯಚೂರು ಕಲಬುರಗಿ ಕಡೆ, ಈ ಲೆಕ್ಕ ನಂಬಬಾರದು. ತೆಗೆದ ಕೂಡಲೇ ಗಟ್ಟಿಯಾಗಿ ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳಿರುವ ಚೀಲಕ್ಕೆ ಸೇರಿಸಿದರೆ ಸಂಜೆಯವರೆಗೆ ಚಿಂತೆಯಿಲ್ಲ. ಫ್ರಿಜ್ಜಿನಲ್ಲಿ ನಾಲ್ಕು ದಿನ, ಬಾಗಿಲಿನಲ್ಲಲ್ಲ, ಹಿಂದುಗಡೆ. ಫ್ರೀಜರಿನಲ್ಲಿ ಆರು ತಿಂಗಳು. ಕರಗಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು.

ಇಷ್ಟೆಲ್ಲ ಜೋಪಾನ ಮಾಡಿದ ಹಾಲು ವ್ಯರ್ಥವಾಗುವುದು ಹೆಚ್ಚಾಗಿ ಮನೆಯಲ್ಲಿ. ಕುಡಿಸುವ ಅಮ್ಮನಿಗೋ ಅತ್ತೆಗೋ ಮೊದಲೇ ಹೇಳಿಕೊಡಬೇಕು: ಮೇಲೆ ಕೆನೆ, ಕೆಳಗೆ ತಿಳಿನೀರು ಎಂದು ಬೇರೆಯಾಗಿದ್ದರೆ ಅದು ಒಡೆದ ಹಾಲಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಹಸುವಿನ ಹಾಲಿನಂತೆ ಕುದಿಸಬಾರದು. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿ ಉಗುರುಬೆಚ್ಚಗಾದರೆ ಆಯಿತು. ಮೈಕ್ರೋವೇವ್ ಬೇಡ, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗಿರುತ್ತದೆ. 90ನ್ನೂ ಒಟ್ಟಿಗೆ ಬಿಸಿ ಮಾಡದೆ ಮೊದಲು 60, ಕೇಳಿದರೆ ಉಳಿದ 30. ಬಾಯಿಟ್ಟ ಹಾಲನ್ನು ಎರಡು ಗಂಟೆಯ ಮೇಲೆ ಇಡುವಂತಿಲ್ಲ. ಫ್ರೀಜರಿನಲ್ಲಿಟ್ಟದ್ದು ಸೋಪಿನ ವಾಸನೆ ಬಂದರೆ ಅದು ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆದದ್ದರಿಂದ. ಹಾಳಾಗಿಲ್ಲ, ಆದರೆ ಕೆಲವು ಮಕ್ಕಳು ಮುಖ ತಿರುಗಿಸುತ್ತವೆ. ಅಂಥ ಮಗುವಿಗೆ ಫ್ರೀಜ್ ಮಾಡದ ಹಾಲೇ ಸರಿ. ಇವತ್ತಿನದು ನಾಳೆಗೆ ಎಂಬ ಲೆಕ್ಕದ ಇನ್ನೊಂದು ಅನುಕೂಲ ಇದು.

ಕುಡಿಸಲು ನನ್ನ ಆಯ್ಕೆ ಒಳಲೆ. ತೊಳೆಯುವುದು ಸುಲಭ, ಬಾಟಲಿಯ ರೂಢಿ ಬಿದ್ದು ಮಗು ಎದೆ ಬಿಡುವ ಭಯವಿಲ್ಲ. ಮಗುವನ್ನು ಕೂರಿಸಿದಂತೆ ಎತ್ತಿಕೊಂಡು, ಒಳಲೆಯ ಮೂತಿಯನ್ನು ತುಟಿಗೆ ತಾಗಿಸಿ, ಅದೇ ಹೀರಿಕೊಳ್ಳುವಂತೆ ಹಿಡಿಯಬೇಕು. ಬಾಯಿಗೆ ಸುರಿಯಬಾರದು. ಬಾಟಲಿಯೇ ಆದರೆ ನಿಧಾನವಾಗಿ ಹರಿಯುವ ನಿಪ್ಪಲ್ ಹಾಕಿ, ಬಾಟಲಿಯನ್ನು ಅಡ್ಡಡ್ಡ ಹಿಡಿದು, ನಡುನಡುವೆ ನಿಲ್ಲಿಸಿ 15 ನಿಮಿಷ ತೆಗೆದುಕೊಳ್ಳಿ. ಐದು ನಿಮಿಷದಲ್ಲಿ ಗಟಗಟ ಕುಡಿದ ಮಗು ಹೊಟ್ಟೆ ತುಂಬಿದ್ದು ತಿಳಿಯುವ ಮೊದಲೇ ಇನ್ನಷ್ಟು ಕೇಳುತ್ತದೆ. ಮನೆಯವರು ತಾಯಿಯ ಹಾಲು ಸಾಲದು ಎಂದುಕೊಳ್ಳುತ್ತಾರೆ.

ಎದೆಯಲ್ಲಿ ಗಡ್ಡೆಯಂತೆ ನೋವು ಕಂಡರೆ ಒತ್ತಿ ಒತ್ತಿ ಉಜ್ಜಬೇಡಿ, ಊತ ಹೆಚ್ಚುತ್ತದೆ. ಬಟ್ಟೆ ಸುತ್ತಿದ ಐಸ್ ಇಡಿ, ಎಂದಿನಂತೆ ಹಾಲೂಡಿಸಿ, ಖಾಲಿ ಮಾಡುತ್ತೇನೆಂದು ಹೆಚ್ಚುವರಿ ಪಂಪ್ ಮಾಡಬೇಡಿ. ಜ್ವರ ಬಂದು ಎದೆ ಕೆಂಪಾದರೆ ವೈದ್ಯರಲ್ಲಿಗೆ.

ವಾರದ ಕೊನೆಗೆ ಹಾಲು 20–30 ಮಿ.ಲೀ. ಇಳಿಯುವುದು ಸಾಮಾನ್ಯ. ಭಾನುವಾರ ಪಂಪ್ ಮುಟ್ಟದೆ ಕೇಳಿದಾಗಲೆಲ್ಲ ಮಗುವಿಗೆ ಕೊಟ್ಟರೆ ಸೋಮವಾರ ಮತ್ತೆ ಏರುತ್ತದೆ. ಶನಿವಾರ ತೆಗೆದು ಫ್ರಿಜ್ಜಿನಲ್ಲಿಟ್ಟದ್ದು ಸೋಮವಾರಕ್ಕೆ.